ಸುಳ್ಳು ಗುಳಿಗೆ, ನಿಜವಾದ ಉಪಶಮನ

ನಮ್ಮ ಕಪನೂರ ಕಡೆ ಹಲ್ಲುನೋವು ಅಂದ್ರೆ ಮೊದಲು ಲವಂಗ. ಅದರಲ್ಲಿರೋ ಯುಜೆನಾಲ್ ನಿಜಕ್ಕೂ ಜೋಮು ಹಿಡಿಸುತ್ತೆ. ಆದ್ರೆ ಔಷಧಿಯೇ ಇಲ್ಲದ ಗುಳಿಗೆಗೂ ಕೆಲವರ ನೋವು ಇಳಿಯುತ್ತಲ್ಲ, ಹೇಗೆ? ಹಲ್ಲಿಗೆ ತಂತಿ ಹಾಕಿಸಿಕೊಂಡ ಮೇಲೆ ಈ ಪ್ರಶ್ನೆ ನನ್ನ ತಲೆ ಹೊಕ್ಕಿತು.

ಕಥೆ ಹಳೇದು. 1796ರಲ್ಲಿ ಅಮೆರಿಕದ ಎಲೈಶಾ ಪರ್ಕಿನ್ಸ್, ನೋವು ಎಳೆದು ಹಾಕುತ್ತವೆ ಅಂತ ಲೋಹದ ಕಡ್ಡಿಗಳಿಗೆ ಪೇಟೆಂಟ್ ಪಡೆದ. 1799ರಲ್ಲಿ ಇಂಗ್ಲೆಂಡಿನ ಬಾತ್ ಊರಲ್ಲಿ ಡಾಕ್ಟರ್ ಜಾನ್ ಹೇಗಾರ್ತ್ ಅದೇ ಥರ ಕಾಣೋ ಮರದ ಕಡ್ಡಿಗಳನ್ನ 5 ಸಂಧಿವಾತ ರೋಗಿಗಳ ಮೇಲೆ ಆಡಿಸಿದ. 4 ಜನ ಆರಾಮಾಯ್ತು ಅಂದ್ರು! ಮರುದಿನ ಅಸಲಿ ಕಡ್ಡಿಗಳಿಗೂ ಅಷ್ಟೇ ಫಲ. ಎಲ್ಲಾ ಕಲ್ಪನೆಯ ಆಟ ಅಂದ ಹೇಗಾರ್ತ್.

ಬರೀ ಕಲ್ಪನೆಯಾ? ಉತ್ತರದ ಸುಳಿವು ಸಿಕ್ಕಿದ್ದು ಹಲ್ಲಿನಿಂದಲೇ. ಬುದ್ಧಿಹಲ್ಲು ಕೀಳಿಸಿಕೊಂಡವರ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಲೆವಿನ್, ಗಾರ್ಡನ್, ಫೀಲ್ಡ್ಸ್ ನಡೆಸಿದ ಪ್ರಯೋಗ 1978ರಲ್ಲಿ ಪ್ರಕಟವಾಯ್ತು. ಪ್ಲಸೀಬೊದಿಂದ ಆರಾಮಾದವರಿಗೆ ನಲಾಕ್ಸೋನ್ ಕೊಟ್ಟಾಗ ನೋವು ಏರಿತು. ನಲಾಕ್ಸೋನ್ ತಡೆಯೋದು ಅಫೀಮಿನಂಥ ವಸ್ತುಗಳನ್ನ. ಅಂದ್ರೆ ನಂಬಿಕೆಯಿಂದ ದೇಹವೇ ತನ್ನ ನೋವುನಿವಾರಕ ಎಂಡಾರ್ಫಿನ್ ಬಿಡುಗಡೆ ಮಾಡಿತ್ತು ಅಂತಾಯ್ತು.

ತಂತಿ ಬಿಗಿಸಿದ ಮರುದಿನ ನೋವು ಜಾಸ್ತಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತೆ. ಡಾಕ್ಟರು ಇಷ್ಟನ್ನ ಮೊದಲೇ ಸಮಾಧಾನವಾಗಿ ಹೇಳಿದ್ರೂ ಆತಂಕ ಕಡಿಮೆ. ಹೆದರಿಸಿದ್ರೆ ನೋವು ಹೆಚ್ಚಬಹುದು, ಅದು ನೋಸೀಬೊ. ಹುಳುಕು, ಕೀವು ಮಾತ್ರ ನಂಬಿಕೆಗೆ ಬಗ್ಗಲ್ಲ, ಚಿಕಿತ್ಸೆ ಬೇಕೇ ಬೇಕು.

ಹಾಗಾಗಿ ಯಾರಾದ್ರೂ ನೋವು ಅಂದಾಗ "ಎಲ್ಲಾ ನಿನ್ನ ಭ್ರಮೆ" ಅನ್ನೋ ಮುಂಚೆ ಸ್ವಲ್ಪ ಯೋಚಿಸೋಣ. ಏನಂತೀರಾ ಗೆಳೆಯರೇ?