ಚಿಕ್ಕ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ: ಕಾರಣವಾಗುವ ಅಂಶಗಳು

ವಯಸ್ಸಿಗೆ ತಕ್ಕ ಎತ್ತರವಿಲ್ಲದಿರುವುದನ್ನು ಕುಂಠಿತ ಬೆಳವಣಿಗೆ ಎನ್ನಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಪ್ರಕಟಿಸಿದ ಮಾನದಂಡದನ್ವಯ, 2 ವರ್ಷ ತುಂಬಿದ ಮಗುವನ್ನು ಮಲಗಿಸಿ ಅಳೆದಾಗ ಉದ್ದವು ಗಂಡುಮಗುವಿಗೆ 81.7 ಸೆಂ.ಮೀ.ಗಿಂತ, ಹೆಣ್ಣುಮಗುವಿಗೆ 80 ಸೆಂ.ಮೀ.ಗಿಂತ ಕಡಿಮೆಯಿದ್ದಲ್ಲಿ ಬೆಳವಣಿಗೆ ಕುಂಠಿತವೆಂದು ಪರಿಗಣಿಸಲಾಗುವುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಇದರ ಪ್ರಮಾಣ 2015-16ರಲ್ಲಿ ಶೇ. 36.2 ಇದ್ದು, 2019-20ರಲ್ಲಿ ಶೇ. 35.4 ಆಗಿತ್ತು. ಇಳಿಕೆ ಅತ್ಯಲ್ಪ.

"ನಮ್ಮ ಮನೆತನವೇ ಗಿಡ್ಡ" ಎಂದು ಪೋಷಕರು ಸಮಾಧಾನಪಟ್ಟುಕೊಳ್ಳುವುದುಂಟು. ಆದರೆ ಮೇಲಿನ ಮಾನದಂಡವನ್ನು ಭಾರತವೂ ಸೇರಿದಂತೆ ಆರು ದೇಶಗಳ ಮಕ್ಕಳನ್ನು ಅಳೆದು ರೂಪಿಸಲಾಗಿದೆ. ಸರಿಯಾದ ಆಹಾರ, ಆರೈಕೆ ದೊರೆತ ಚಿಕ್ಕ ಮಕ್ಕಳು ಎಲ್ಲಿಯೇ ಆಗಲಿ ಬಹುಮಟ್ಟಿಗೆ ಒಂದೇ ರೀತಿ ಬೆಳೆಯುತ್ತಾರೆಂಬುದು ಅದರಿಂದ ಕಂಡುಬಂದಿದೆ.

ಕಾರಣಗಳು ಮಗು ಹುಟ್ಟುವ ಮೊದಲೇ ಆರಂಭವಾಗುತ್ತವೆ. ಎಳೆಯ ವಯಸ್ಸಿನ ವಿವಾಹ, ಗರ್ಭಿಣಿಯ ರಕ್ತಹೀನತೆ, ಹೆರಿಗೆಗಳ ನಡುವೆ ಸಾಕಷ್ಟು ಅಂತರವಿಲ್ಲದಿರುವುದು, 2.5 ಕಿ.ಗ್ರಾಂ.ಗಿಂತ ಕಡಿಮೆ ಜನನ ತೂಕ ಇವು ಪ್ರಮುಖವಾದವು. ತಾಯಿಯ ಶಿಕ್ಷಣ ಮತ್ತು ಕುಟುಂಬದ ಆದಾಯವೂ ಇದರೊಂದಿಗೆ ನಿಕಟ ಸಂಬಂಧ ಹೊಂದಿವೆ.

ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ. ತೊಂದರೆ ಹೆಚ್ಚುವುದು ಅನಂತರ. ಮಗುವಿನ ಹೊಟ್ಟೆ ಚಿಕ್ಕದು. ತೆಳುವಾದ ಗಂಜಿಯಿಂದ ಹೊಟ್ಟೆ ತುಂಬಿದರೂ ಪೋಷಣೆ ಸಾಲದು. ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಬೇಯಿಸಿದಾಗ ಹೆಚ್ಚು ಗಟ್ಟಿಯಾಗದ ಕಾರಣ, ಅಷ್ಟೇ ಪ್ರಮಾಣದ ಸರಿಯಲ್ಲಿ ಹೆಚ್ಚು ಹಿಟ್ಟನ್ನು ಉಣಿಸಬಹುದು. ಇದು ನಮ್ಮ ಅಜ್ಜಿಯರಿಗೆ ತಿಳಿದಿದ್ದ ಕ್ರಮವೇ. ಇದರೊಂದಿಗೆ ಬೇಳೆ, ಸೊಪ್ಪು, ಮೊಟ್ಟೆ, ಸ್ವಲ್ಪ ಎಣ್ಣೆ ಅಥವಾ ತುಪ್ಪ ಅವಶ್ಯ. ಪದೇ ಪದೇ ಬರುವ ಭೇದಿ, ಜಂತುಹುಳು, ಅಶುದ್ಧ ನೀರು ಹಾಗೂ ಬಯಲು ಶೌಚ ತಿಂದ ಆಹಾರವು ಮೈಗೆ ಹತ್ತದಂತೆ ಮಾಡುತ್ತವೆ.

ಎತ್ತರ ಕುಂಠಿತವಾದ ಮಗುವಿನ ತೂಕ ಎತ್ತರಕ್ಕೆ ಸರಿಯಾಗಿಯೇ ಇರಬಹುದು. ಹೀಗಾಗಿ ಯಾರ ಗಮನಕ್ಕೂ ಬಾರದೆ ಹೋಗುತ್ತದೆ. 2 ವರ್ಷದ ನಂತರ ಈ ಕೊರತೆಯನ್ನು ತುಂಬುವುದು ಕಷ್ಟ. ಆದ್ದರಿಂದ ಪೋಷಕರು ಅಂಗನವಾಡಿ ಕೇಂದ್ರದಲ್ಲಿ ತೂಕದೊಂದಿಗೆ ಎತ್ತರವನ್ನೂ ಅಳೆಯುವಂತೆ ಕೋರಿ, ತಾಯಿ ಕಾರ್ಡಿನಲ್ಲಿ ನಮೂದಿಸಿಕೊಳ್ಳತಕ್ಕದ್ದು.

ಗರ್ಭಿಣಿಯರು ಮತ್ತು ಬಾಣಂತಿಯರು 2017ರಲ್ಲಿ ರಾಜ್ಯಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯ ಬಿಸಿಯೂಟಕ್ಕೆ, 6 ತಿಂಗಳಿಂದ 3 ವರ್ಷದ ಮಕ್ಕಳ ಪೋಷಕರು ಮನೆಗೆ ಒಯ್ಯುವ ಪೂರಕ ಪೌಷ್ಟಿಕ ಆಹಾರಕ್ಕೆ ತಮ್ಮ ವ್ಯಾಪ್ತಿಯ ಅಂಗನವಾಡಿ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಗೆ ತೆರಳುವಾಗ ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ಯುವುದು.