ರಸಬಾಳೆಯ ಕುಲಗೋತ್ರ

ದೇವರಾಜ ಮಾರುಕಟ್ಟೆಯ ಬಾಳೆಹಣ್ಣಿನ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ನಮ್ಮ ಹಿತ್ತಿಲು ನೆನಪಾಗುತ್ತದೆ. ನನ್ನ ಬಾಲ್ಯದಲ್ಲಿ ತಂದೆಯವರು ನಂಜನಗೂಡಿನಿಂದ ರಸಬಾಳೆಯ ಕಂದು ತಂದು ನೆಟ್ಟಿದ್ದರು. ಗೊನೆ ಬರುವ ಮುನ್ನವೇ ಎಲೆ ಹಳದಿಯಾಗಿ ಗಿಡ ಸೊರಗಿ ಬಿದ್ದಿತು. ಮರುವರ್ಷ ನೆಟ್ಟುದಕ್ಕೂ ಅದೇ ಗತಿಯಾಯಿತು. ಅದೇ ಮಣ್ಣಿನಲ್ಲಿ ಪಚ್ಚಬಾಳೆ ಮಾತ್ರ ಸೊಂಪಾಗಿ ಗೊನೆ ಬಿಟ್ಟಿತು. ಎರಡೂ ಬಾಳೆಯೇ ಅಲ್ಲವೇ? ಒಂದಕ್ಕೆ ಮೃತ್ಯುವಾದ ಮಣ್ಣು ಇನ್ನೊಂದಕ್ಕೆ ತಾಯಿಯಾದುದು ಹೇಗೆ?

ಉತ್ತರವಿದ್ದುದು ಬಾಳೆಯ ವಂಶಾವಳಿಯಲ್ಲಿ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ತಿನ್ನುವ ಬಾಳೆಗೊಂದು ಪ್ರಭೇದನಾಮವನ್ನು ಕೊಟ್ಟನು. 1759ರಲ್ಲಿ ಇನ್ನೊಂದನ್ನು ಸೇರಿಸಿದನು. ಅದು ‘ಮ್ಯೂಸ ಸೇಪಿಯೆಂಟಮ್’, ಎಂದರೆ ಜ್ಞಾನಿಗಳ ಬಾಳೆ. ಈ ಹೆಸರು ಸಂದದ್ದು ನಮ್ಮ ರಸಬಾಳೆಯ ಬಳಗಕ್ಕೇ ಎಂದು ಮುಂದಿನ ವಿದ್ವಾಂಸರು ಗುರುತಿಸಿದರು. ಆದರೆ ಅವು ಬೇರೆ ಬೇರೆ ಪ್ರಭೇದಗಳಲ್ಲ, ಎರಡು ಕಾಡುಬಾಳೆಗಳ ಸಂಕರ ಸಂತಾನ ಎಂದು ತಿಳಿಯಲು ಸುಮಾರು ಎರಡು ಶತಮಾನಗಳೇ ಬೇಕಾದವು. 1955ರಲ್ಲಿ ಸಿಮಂಡ್ಸ್ ಮತ್ತು ಶೆಫರ್ಡ್ ಎಂಬ ವಿಜ್ಞಾನಿಗಳು ಗಿಡದ 15 ಲಕ್ಷಣಗಳಿಗೆ ಅಂಕ ಕೊಟ್ಟು ತಳಿಗಳನ್ನು ವಿಂಗಡಿಸಿದರು. ‘ಅಕ್ಯುಮಿನಾಟ’ ಎಂಬ ಕಾಡುಬಾಳೆಯಿಂದ ಬಂದ ವರ್ಣತಂತುಗಳ ಕಂತೆ ‘ಎ’. ‘ಬಾಲ್ಬಿಸಿಯಾನ’ದಿಂದ ಬಂದುದು ‘ಬಿ’. ಒಂದು ಕಂತೆಗೆ 11 ವರ್ಣತಂತುಗಳು. ಪಚ್ಚಬಾಳೆ ‘ಎಎಎ’; ಏಲಕ್ಕಿಬಾಳೆ ‘ಎಬಿ’; ರಸಬಾಳೆ ‘ಎಎಬಿ’.

ಅಷ್ಟಕ್ಕೇ ಮುಗಿಯಲಿಲ್ಲ. ‘ಎಎಬಿ’ ಗುಂಪಿನೊಳಗೇ ಉಪಗುಂಪುಗಳಿವೆ. ಅವುಗಳಲ್ಲಿ ಒಂದರ ಹೆಸರು, ಜಗತ್ತಿನ ಸಸ್ಯಶಾಸ್ತ್ರಜ್ಞರೆಲ್ಲರ ಬಾಯಲ್ಲಿ, ‘ಮೈಸೂರು’! ತಮಿಳರ ಪೂವನ್ ಬಾಳೆ ಈ ಉಪಗುಂಪಿಗೆ ಸೇರಿದುದು. ಮೈಸೂರಿನ ನೆರೆಯ ನಂಜನಗೂಡಿನ ರಸಬಾಳೆಯಾದರೋ ‘ಸಿಲ್ಕ್’ ಎಂಬ ಬೇರೊಂದು ಉಪಗುಂಪಿನದು. ಅಕ್ಷರಗಳು ಒಂದೇ, ಹಣೆಬರಹ ಬೇರೆ. ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುವ ಶಿಲೀಂಧ್ರದಿಂದ ಬರುವ ಪನಾಮಾ ಸೊರಗು ರೋಗವನ್ನು ‘ಮೈಸೂರು’ ತಾಳಿಕೊಳ್ಳುತ್ತದೆ; ರಸಬಾಳೆ ತಾಳಲಾರದು. ನಮ್ಮ ಹಿತ್ತಿಲಿನಲ್ಲಿ ನಡೆದುದೂ ಇದೇ ಇರಬೇಕು.

ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನಗೆ ಇದು ಓಲೆಗರಿಯ ಪ್ರತಿಗಳ ಕಥೆಯಂತೆ ತೋರುತ್ತದೆ. ಲಿಪಿಕಾರನು ಮೂಲದ ಸೊಗಸಿನೊಡನೆ ಅದರ ತಪ್ಪನ್ನೂ ಇಳಿಸಿಕೊಳ್ಳುತ್ತಾನೆ. ಒಂದೇ ತಪ್ಪುಳ್ಳ ಪ್ರತಿಗಳನ್ನು ನಾವು ಒಂದೇ ಶಾಖೆಗೆ ಸೇರಿಸುತ್ತೇವೆ. ರಸಬಾಳೆಗೆ ಬಿತ್ತುವ ಬೀಜವಿಲ್ಲ, ಕಂದಿನಿಂದ ಕಂದು. ಹೀಗಾಗಿ ದೇವರಸನಹಳ್ಳಿಯ ಗಿಡಕ್ಕೂ ನಮ್ಮ ಹಿತ್ತಿಲ ಗಿಡಕ್ಕೂ ಸವಿ ಒಂದೇ, ದೌರ್ಬಲ್ಯವೂ ಒಂದೇ. ಒಂದು ಸೋತ ರೋಗಕ್ಕೆ ಉಳಿದವೂ ಸೋಲುತ್ತವೆ.

2005-06ರಲ್ಲಿ ನಂಜನಗೂಡು ಬಾಳೆಗೆ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಹೆಸರಿಗೆ ರಕ್ಷಣೆ ಸಿಕ್ಕಿತು, ಸಂತೋಷ. ಗಿಡಕ್ಕೆ ಬೇಕಾದುದು ರೋಗವಿಲ್ಲದ ಕಂದು, ರೋಗವಿಲ್ಲದ ಮಣ್ಣು. ಅವೆರಡೂ ಇಲ್ಲವಾದರೆ, ಜ್ಞಾನಿಗಳ ಬಾಳೆಯ ಹೆಸರು ಮಾತ್ರ ನಮ್ಮ ಮೊಮ್ಮಕ್ಕಳಿಗೆ ಉಳಿದೀತು.