ಷಟ್‌ಸ್ಥಲ

ಷಟ್‌ಸ್ಥಲವು ಲಿಂಗಾಯತ ಪರಂಪರೆಯಲ್ಲಿ ಸಾಧಕನು ಶ್ರದ್ಧೆ ಮತ್ತು ಸದಾಚಾರಗಳ ಬಲದಿಂದ ಜೀವನವಿಡೀ ಏರುತ್ತ ಹೋಗುವ ಆರು ನೆಲೆಗಳ ಸಿದ್ಧಾಂತ. ಭಕ್ತ, ಮಹೇಶ್ವರ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಈ ನೆಲೆಗಳಿಗೆ ಕ್ರಮವಾಗಿ ಶ್ರದ್ಧೆ, ನಿಷ್ಠೆ, ಅವಧಾನ ಅಂದರೆ ಎಚ್ಚರ, ಅನುಭವ, ಆನಂದ ಮತ್ತು ಸಮರಸವೆಂಬ ಆರು ಬಗೆಯ ಭಕ್ತಿಯನ್ನು ಹೇಳಲಾಗಿದ್ದು, ನಂಬಿಕೆಯಿಂದ ತೊಡಗಿದ ಮನಸ್ಸು ಅಭ್ಯಾಸದಿಂದ ಪಕ್ವಗೊಂಡು ಅರಿವಾಗುವ ಕ್ರಮವನ್ನು ಇದು ನಿರೂಪಿಸುತ್ತದೆ.

ಈ ಏರಿಕೆಗೆ ಆಧಾರ ಪಂಚಾಚಾರಗಳು. ಮೈಮೇಲೆ ಧರಿಸುವ ಇಷ್ಟಲಿಂಗದ ನಿತ್ಯಪೂಜೆಯಾದ ಲಿಂಗಾಚಾರ, ಸತ್ಯಶುದ್ಧ ಕಾಯಕದಿಂದ ಬದುಕುವ ಸದಾಚಾರ, ಶಿವಭಕ್ತರಲ್ಲಿ ಭೇದವೆಣಿಸದ ಶಿವಾಚಾರ, ವಿನಯವೇ ರೂಪವಾದ ಭೃತ್ಯಾಚಾರ, ಧರ್ಮನಿಂದೆಯನ್ನು ಸಹಿಸದ ಗಣಾಚಾರ ಇವೇ ಆ ಐದು. ಇವುಗಳಲ್ಲಿ ಪೂಜೆ, ದುಡಿಮೆ ಮತ್ತು ನಡತೆ ಬೇರೆಬೇರೆಯಾಗಿ ಉಳಿಯದೆ ಒಂದೇ ಶಿಸ್ತಿನ ಅಂಗಗಳಾಗುತ್ತವೆ.

ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನು ಈ ಸಿದ್ಧಾಂತಕ್ಕೆ ವ್ಯವಸ್ಥಿತ ರೂಪ ಕೊಟ್ಟನು. ಕೆರೆ, ದೇಗುಲಗಳನ್ನು ಕಟ್ಟಿಸಿ ಆಗಲೇ ಖ್ಯಾತನಾಗಿದ್ದ ಸೊನ್ನಲಿಗೆಯ ಸಿದ್ಧರಾಮನು ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನಿಂದಲೇ ದೀಕ್ಷೆ ಪಡೆದನೆಂದು ಪರಂಪರೆ ಹೇಳುವುದು, ಕಲಿಕೆಗೆ ವಯಸ್ಸಾಗಲಿ ಕೀರ್ತಿಯಾಗಲಿ ಅಡ್ಡಿಯಲ್ಲವೆಂಬುದಕ್ಕೆ ನಿದರ್ಶನ.

ಚೆನ್ನಬಸವಣ್ಣನ ಕಾಲದಲ್ಲೇ ಕಲ್ಯಾಣದಲ್ಲಿ ನಡೆದ ಕ್ರಾಂತಿಯ ಬಳಿಕ ಉಳವಿ ಕ್ಷೇತ್ರದತ್ತ ಸಾಗಿದ ಶರಣರ, ಅಂದರೆ ಈ ಪರಂಪರೆಯ ಶಿವಭಕ್ತರ, ನೆನಪು ಬೆಳಗಾವಿ ಸೀಮೆಯಲ್ಲಿ ಇಂದಿಗೂ ಉಳಿದಿದೆ. ಖಾನಾಪುರ ತಾಲ್ಲೂಕಿನ ಕಕ್ಕೇರಿಯನ್ನು ಜನರು ಆ ಶರಣರಲ್ಲೊಬ್ಬನಾದ ಡೋಹರ ಕಕ್ಕಯ್ಯನ ಐಕ್ಯಸ್ಥಳವೆಂದು ಗೌರವಿಸುತ್ತಾರೆ. ಬೆಳಗಾವಿಯ ನಾಗನೂರು ರುದ್ರಾಕ್ಷಿಮಠವು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದ ನಿಲಯವನ್ನು ನಡೆಸಿ, ಶರಣರ ದಾಸೋಹವನ್ನು, ಅಂದರೆ ಹಂಚಿ ಉಣ್ಣುವ ಸೇವೆಯನ್ನು, ವಿದ್ಯೆಯೊಡನೆ ಬೆಸೆಯಿತು. ಹೀಗೆ ಅರಿವು ನಡೆಯಲ್ಲಿ ಕಾಣಿಸಿಕೊಂಡಾಗಲೇ ಪೂರ್ಣವಾಗುತ್ತದೆ ಎಂಬುದು ಷಟ್‌ಸ್ಥಲದ ಸಾರ.